ಮಿಡತೆಗೆ ಒಂದು ಸಂಸ್ಥೆ, ಪತಂಗಕ್ಕೆ ನಮ್ಮ ಮನೆಯಾಕಿಯ ಎರಡು ಬೆರಳು

ಮೃಗಶಿರ ಮಳೆಗೆ ಬಿತ್ತಿದ ಗೋವಿನಜೋಳ ಮೊಳೆತು ಇವತ್ತಿಗೆ 13 ದಿನ. ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋಗಿ ಐದು ಕಡೆ ನಿಂತು, ಕಡೆಗೆ ಇಪ್ಪತ್ತರಂತೆ ನೂರು ಗಿಡ ಬಗ್ಗಿ ನೋಡಿದೆ. ಏಳರಲ್ಲಿ ಎಲೆಯ ಮೇಲೆ ಬಿಳಿ ಪೊರೆ. ಇನ್ನೆರಡರಲ್ಲಿ ಮೊಟ್ಟೆಯ ಗುಂಪು, ಮೇಲೆ ಹಳೇ ಗಾದಿಯ ಹತ್ತಿಯಂಥ ಕೂದಲು ಹೊದಿಸಿತ್ತು. ಈ ಹಂತದಲ್ಲಿ ನೂರಕ್ಕೆ ಐದು ಗಿಡ ದಾಟಿದರೆ ಕೈ ಹಾಕಬೇಕು ಅನ್ನೋದು ಲೆಕ್ಕ. ದಾಟಿದೆ.

ಸೊಂಟ ಹಿಡ್ಕೊಂಡು ನೆಟ್ಟಗಾಗೋದಕ್ಕೂ ಕಿಸೆಯಲ್ಲಿ ಫೋನು ಗುಂಯ್ ಅನ್ನೋದಕ್ಕೂ ಸರಿಹೋಯ್ತು. ಹಾನಗಲ್ಲಿನಿಂದ ನಮ್ಮ ಭಾವ ಒಂದು ವಿಡಿಯೋ ಕಳಿಸಿದ್ದರು. ಆಕಾಶ ತುಂಬ ಮಿಡತೆ. ಜೊತೆಗೆ ಅವರ ದನಿ: "ಈ ವರ್ಷ ಮತ್ತ ಬರ್ತಾವಂತ ನೋಡೋ ತಮ್ಮಾ, ಹುಷಾರು." ವಿಡಿಯೋ 2020ರದ್ದು, ಅದರಲ್ಲಿ ಕಾಣೋ ಊರು ಜೈಪುರ. ಭಾವನೂ ನಾಲ್ಕು ಎಕರೆ ಗೋವಿನಜೋಳ ಹಾಕಿದ್ದಾರೆ. ಫೋನ್ ಮಾಡಿ, ನಿಮ್ಮ ಹೊಲದಾಗ ಹುಳ ಎಷ್ಟು ಐತ್ರಿ ಅಂತ ಕೇಳಿದೆ. "ಹೊಲಕ್ಕ ಇನ್ನೂ ಹೋಗಿಲ್ಲೋ, ಮಳಿ ಹಿಡದೈತಿ" ಅಂದರು.

ಈ ಟಿಪ್ಪಣಿ ಆ ಸಿಟ್ಟಿನಲ್ಲಿ ಬರೀತಾ ಇರೋದು. ಸಿಟ್ಟು ಭಾವನ ಮೇಲೆ ಮಾತ್ರ ಅಲ್ಲ. ಆರು ವರ್ಷ ಹಿಂದೆ ನಮ್ಮ ಜಿಲ್ಲೆಗೆ ಬಾರದೇ ಹೋದ ಮಿಡತೆಗೆ ನಾವು ಇವತ್ತಿಗೂ ಹೆದರ್ತೀವಿ, ಪ್ರತಿ ವರ್ಷ ನಮ್ಮ ಸುಳಿಯಲ್ಲಿ ಕೂತು ತಿನ್ನೋ ಪತಂಗದ ಮರಿಯನ್ನ "ಅದಾ, ಇದ್ದದ್ದೇ" ಅಂತೀವಿ. ನಾವಷ್ಟೇ ಅಲ್ಲ, ಸರ್ಕಾರದ ಲೆಕ್ಕಪತ್ರವೂ ಹಾಗೇ ಅನ್ನುತ್ತೆ. ಅದೇ ನನ್ನ ತಕರಾರು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ, ಆಮೇಲೆ ಬೇರೆಯವರದ್ದು.

2018ರ ಮುಂಗಾರು. ಎತ್ತಿನ ಕಾಲು ಉಳುಕಿ, ಬಾಡಿಗೆ ಟ್ರ್ಯಾಕ್ಟರ್ ಸಿಗದೆ, ನನ್ನ ಬಿತ್ತನೆ ಊರಿಗಿಂತ ಮೂರು ವಾರ ತಡವಾಯ್ತು. ಮೂರು ಎಕರೆ. ಇಪ್ಪತ್ತನೇ ದಿನಕ್ಕೆ ಎಲೆಯೆಲ್ಲ ತೂತು. ಹಗಲು ಹತ್ತು ಗಂಟೆಗೆ ಹೋಗಿ ನೋಡ್ತೀನಿ, ಬದುವಿನ ಹುಲ್ಲಿನಲ್ಲಿ ಸಣ್ಣ ಹಸಿರು ಮಿಡತೆಗಳು ಪುಟಪುಟ ಹಾರ್ತಾ ಇವೆ. ಕಂಡವನೇ ಕಳ್ಳ. ಗೊಬ್ಬರದ ಅಂಗಡಿಯಿಂದ ಎಣ್ಣೆ ತಂದು ಬದು ತುಂಬ ಹೊಡೆದೆ, ಅಂಚಿನ ಎಂಟ್ಹತ್ತು ಸಾಲಿಗೂ ಹೊಡೆದೆ. ಮಿಡತೆ ಸತ್ತವು. ಜೊತೆಗೆ ಜೇಡವೂ ಗುಲಗಂಜಿ ಹುಳವೂ ಸತ್ತವು. ವಾರ ಬಿಟ್ಟು ನಡು ಹೊಲಕ್ಕೆ ಹೋದರೆ ಸುಳಿಗಳಲ್ಲೆಲ್ಲ ಕಟ್ಟಿಗೆ ಅಡ್ಡೆಯ ಹೊಟ್ಟಿನಂಥ ಪುಡಿ. ಒಂದು ಸುಳಿ ಬಿಡಿಸಿದೆ. ಒಳಗೆ ಒಂದೇ ಹುಳ, ಬೆರಳುದ್ದ. ಹಣೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದ ಹಾಗೆ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ.

ಅದರ ಹೆಸರು ಅಷ್ಟೊತ್ತಿಗೆ ಪೇಪರಿನಲ್ಲಿ ಬಂದಿತ್ತು. ಫಾಲ್ ಆರ್ಮಿವರ್ಮ್. ಇಲಾಖೆಯ ಕನ್ನಡದಲ್ಲಿ ಸೈನಿಕ ಹುಳು, ನಮ್ಮ ಬಾಯಲ್ಲಿ ಲದ್ದಿ ಹುಳ. ಅಮೆರಿಕ ಖಂಡದ ಪತಂಗ. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಸಲ ನಮ್ಮ ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು ಗುರುತು ಹಿಡಿದರು. ಗಾಳಿ ಒದಗಿದರೆ ಈ ಪತಂಗ ಒಂದು ರಾತ್ರಿಗೆ 100 ಕಿಲೋಮೀಟರ್ ಹಾರಬಲ್ಲದು. ಶಿವಮೊಗ್ಗದಿಂದ ನಮ್ಮ ರಾಣೆಬೆನ್ನೂರು ಕಡೆಗೆ ಅದಕ್ಕೆ ಒಂದೇ ರಾತ್ರಿಯ ದಾರಿ.

ಎಕರೆಗೆ 22 ಕ್ವಿಂಟಲ್ ಕೊಡೋ ಹೊಲ ಆ ವರ್ಷ 13 ಕೊಟ್ಟಿತು. ಬೆಂಬಲ ಬೆಲೆ ಆಗ 1,700 ರೂಪಾಯಿ. ಮೂರು ಎಕರೆಗೆ 27 ಕ್ವಿಂಟಲ್ ಕಡಿಮೆ, ಅಂದ್ರೆ 45,900. ಮಗಳ ಕಾಲೇಜಿನ ಹಣ ಅದು. ಬಡ್ಡಿಗೆ ತಂದು ಕಟ್ಟಿದೆ.

ಎಲೆ ಓದೋದು ಕಲಿತಿದ್ದು ಆಮೇಲೆ. ನಿಮಗೂ ಬೇಕಾದೀತು, ಇಲ್ಲೇ ಬರೆದಿಡ್ತೀನಿ. ಮಿಡತೆ ಎಲೆಯನ್ನ ಅಂಚಿನಿಂದ ತಿನ್ನುತ್ತೆ, ಕುರಿ ಬಾಯಿ ಹಾಕಿದ ಹಾಗೆ ಹರಕು ಮುರುಕು. ಲದ್ದಿ ಹುಳದ ಸಣ್ಣ ಮರಿ ಎಲೆಯನ್ನ ಕೆರೆದು ಹಸಿರು ಮಾತ್ರ ತಿಂದು ತೆಳ್ಳನೆ ಬಿಳಿ ಪೊರೆ ಬಿಡುತ್ತೆ, ಬೆಳಕಿಗೆ ಹಿಡಿದರೆ ಎಣ್ಣೆ ಕಾಗದ. ದೊಡ್ಡದಾದ ಮೇಲೆ ಸುಳಿಯೊಳಗೆ ಸುತ್ತಿಕೊಂಡಿರೋ ಎಲೆಯನ್ನ ಕೊರೆಯುತ್ತೆ, ಆ ಎಲೆ ಬಿಚ್ಚಿಕೊಂಡಾಗ ತೂತುಗಳು ಅಡ್ಡಸಾಲಾಗಿ ಕಾಣ್ತವೆ. ಸುಳಿಯಲ್ಲಿ ಹೊಟ್ಟಿನಂಥ ಲದ್ದಿ ಇದ್ದರಂತೂ ಅನುಮಾನವೇ ಬೇಡ. ಆ ಲದ್ದಿ ಸುಳಿಗೆ ಬಿರಡೆ ಇದ್ದ ಹಾಗೆ. ಮೇಲಿಂದ ಎಷ್ಟು ಎಣ್ಣೆ ಹೊಡೆದರೂ ಕೆಳಗಿರೋನಿಗೆ ಮುಟ್ಟೋದು ಕಷ್ಟ.

ಎರಡು ವರ್ಷ ಬಿಟ್ಟು 2020ರ ಮೇ ಕೊನೆ. ಲಾಕ್‌ಡೌನ್, ಎಲ್ಲರೂ ಟಿವಿ ಮುಂದೆ. ಮರುಭೂಮಿ ಮಿಡತೆ ರಾಜಸ್ಥಾನ ದಾಟಿ ಮಧ್ಯಪ್ರದೇಶಕ್ಕೆ ಬಂತು, ವಿದರ್ಭದ ಅಮರಾವತಿ, ನಾಗಪುರಕ್ಕೆ ಬಂತು. ಬೀದರ್, ಕಲಬುರಗಿಯಲ್ಲಿ ಕಟ್ಟೆಚ್ಚರ. ಟಿವಿಯವರು ಯುದ್ಧದ ಮ್ಯೂಸಿಕ್ ಹಾಕಿ ಬಾಣದ ಗುರುತಿನ ನಕ್ಷೆ ತೋರಿಸಿದರು. ನಮ್ಮ ದೊಡ್ಡಪ್ಪ ಬಾರಿಸೋಕೆ ಅಂತ ಸ್ಟೀಲಿನ ತಾಟು, ಎಣ್ಣೆ ಡಬ್ಬಿ ತೆಗೆದಿಟ್ಟುಕೊಂಡರು. ಒಂದು ಮುಂಜಾನೆ ಕೆರೆ ದಂಡೆಯ ಎಕ್ಕದ ಗಿಡದ ಮೇಲೆ ಹಳದಿ ಮೈಗೆ ನೀಲಿ-ಹಸಿರು ಪಟ್ಟೆಯ ಮಿಡತೆಗಳು ಕಂಡವು. "ಬಂದ್ವಲೇ, ಬಂದ್ವು!" ಊರಿಗೆ ಊರೇ ಓಡಿತು. ಎಕ್ಕದ ಗಿಡಗಳನ್ನ ಕಡಿದು ರಾಶಿ ಹಾಕಿ ಬೆಂಕಿ ಹಚ್ಚಿದರು.

ಪಾಪ, ಅದು ಎಕ್ಕದ ಮಿಡತೆ. ನಮ್ಮದೇ ಊರಿನ ಹಳೇ ನಿವಾಸಿ, ಎಕ್ಕ ತಿಂದುಕೊಂಡು ಇರೋದು. ಅದರ ಮರಿ ಮುಟ್ಟಿದರೆ ಚಿರ್ರಂತ ನೀರು ಹಾರಿಸುತ್ತೆ, ಅದರ ಯುದ್ಧ ಅಷ್ಟೇ. ಟಿವಿಯ ಮಿಡತೆ ದಂಡು ಕರ್ನಾಟಕದೊಳಗೆ ಬರಲೇ ಇಲ್ಲ. ಬೆಂಕಿ ಹಚ್ಚಿದ ಜಾಗದಿಂದ ಐವತ್ತು ಹೆಜ್ಜೆಗೆ ಒಬ್ಬರ ಬೋರ್‌ವೆಲ್ ನೀರಿನ ಗೋವಿನಜೋಳ ಇತ್ತು, ದನಕ್ಕೆ ಅಂತ ಹಾಕಿದ್ದು. ಸುಳಿ ತುಂಬ ಲದ್ದಿ. ಅಷ್ಟು ಜನರಲ್ಲಿ ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ, ಬೆಂಕಿಯ ಫೋಟೋ ತೆಗೀತಿದ್ದೆ.

ತಮಾಷೆ ಏನಂದ್ರೆ ಈ ಎರಡೂ ಕತೆ ಒಂದೇ ತಿಂಗಳಲ್ಲಿ ಶುರುವಾದವು. ಶಿವಮೊಗ್ಗದಲ್ಲಿ ಪತಂಗ ಸಿಕ್ಕ ಅದೇ 2018ರ ಮೇ ಕೊನೆಗೆ ಮೆಕುನು ಚಂಡಮಾರುತ ಒಮಾನ್ ಕರಾವಳಿಗೆ ಬಡಿಯಿತು. ಅರೇಬಿಯಾದ ಮರಳುಗಾಡಿನಲ್ಲಿ ನೀರು ನಿಂತಿತು. ಅಕ್ಟೋಬರಿನಲ್ಲಿ ಲುಬಾನ್ ಚಂಡಮಾರುತ ಇನ್ನೊಮ್ಮೆ ಹಸಿ ಮಾಡಿತು. ಜನರಿಲ್ಲದ ಆ ಹಸಿ ಮರಳಿನಲ್ಲಿ ಮಿಡತೆ ಪೀಳಿಗೆ ಮೇಲೆ ಪೀಳಿಗೆ ಬೆಳೆದು, ಯೆಮನ್, ಇರಾನ್, ಪಾಕಿಸ್ತಾನ, ಪೂರ್ವ ಆಫ್ರಿಕಾ ಸುತ್ತಿ ನಮ್ಮ ಟಿವಿಗೆ ಬಂತು. ಪತಂಗ ಟಿವಿಗೆ ಹೋಗಲಿಲ್ಲ. ನೇರ ಹೊಲಕ್ಕೆ ಬಂತು, ವರ್ಷದೊಳಗೆ ದೇಶದ ಗೋವಿನಜೋಳದ ಸೀಮೆಯೆಲ್ಲ ಹಬ್ಬಿತು.

ಈಗ ಇವೆರಡರ ಸ್ವಭಾವ ನೋಡ್ರಿ, ಅಲ್ಲೇ ಎಲ್ಲ ಇರೋದು.

ಮರುಭೂಮಿ ಮಿಡತೆ ಒಂಟಿಯಾಗಿದ್ದಾಗ ಸಾಧು ಪ್ರಾಣಿ. ಮಣ್ಣಿನ ಬಣ್ಣ, ತನ್ನ ಪಾಡಿಗೆ ತಾನು. ಮೇವು ಕಡಿಮೆಯಾಗಿ ಒಂದೇ ಪೊದೆಗೆ ಎಲ್ಲವೂ ಮುಗಿಬಿದ್ದು ಮೈಗೆ ಮೈ ಉಜ್ಜಿದಾಗ, ಅದರಲ್ಲೂ ಹಿಂಗಾಲಿಗೆ ಮತ್ತೆ ಮತ್ತೆ ತಾಗಿದಾಗ, ಅದರ ನರದಲ್ಲಿ ಸೆರೊಟೋನಿನ್ ಏರಿ ಕೆಲವೇ ತಾಸಿನಲ್ಲಿ ಗುಂಪಿನ ಬುದ್ಧಿ ಬರುತ್ತೆ. ವಿಜ್ಞಾನಿಗಳು ಇದನ್ನ 2009ರಲ್ಲಿ ತೋರಿಸಿಕೊಟ್ಟರು. ನಮ್ಮ ಜಾತ್ರೆ ನೂಕುನುಗ್ಗಲು ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ. ಹಾಗೆ ಕೂಡಿದ ದಂಡು ಒಂದು ಚದರ ಕಿಲೋಮೀಟರಿಗೆ 4ರಿಂದ 8 ಕೋಟಿ. ಒಂದೊಂದು ಸುಮಾರು ಎರಡು ಗ್ರಾಂ, ದಿನಕ್ಕೆ ತನ್ನ ತೂಕದಷ್ಟೇ ತಿನ್ನುತ್ತೆ. ಅಂಥ ಒಂದು ದಂಡು ಒಂದು ದಿನಕ್ಕೆ 35,000 ಜನರ ಊಟ ತಿಂದ ಹಾಗೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ. ಹಗಲು ಹಾರುತ್ತೆ, ರಾತ್ರಿ ಮರಗಿಡದ ಮೇಲೆ ಇಳಿಯುತ್ತೆ. ಎಲ್ಲಿಂದ ಬಂತು, ಎಲ್ಲಿ ಇಳಿಯಿತು, ಊರಿಗೆಲ್ಲ ಗೊತ್ತಾಗುತ್ತೆ.

ಲದ್ದಿ ಹುಳ ತದ್ವಿರುದ್ಧ. ಪತಂಗ ರಾತ್ರಿ ಬಂದು 100-200 ಮೊಟ್ಟೆಯ ಗುಂಪು ಇಟ್ಟು ಹೋಗುತ್ತೆ. ಒಂದು ಹೆಣ್ಣು ತನ್ನ ಬದುಕಿನಲ್ಲಿ ಸಾವಿರದ ಮೇಲೆ ಇಟ್ಟೀತು. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆದು, ಮರಿಗಳು ನೂಲಿನ ಎಳೆ ಬಿಟ್ಟು ಗಾಳಿಗೆ ತೂಗಿ ಪಕ್ಕದ ಗಿಡಗಳಿಗೆ ಹಂಚಿಹೋಗ್ತವೆ. ಅಷ್ಟೊತ್ತಿಗೆ ಶುರು ಅಣ್ಣತಮ್ಮಂದಿರ ಜಗಳ. ಒಂದೇ ಸುಳಿಯಲ್ಲಿ ನಾಲ್ಕಿದ್ದರೆ ಬಲವಾದದ್ದು ಉಳಿದವನ್ನ ತಿಂದುಬಿಡುತ್ತೆ. ಕೊನೆಗೆ ಸುಳಿಗೆ ಒಂದು, ಹೆಚ್ಚಂದರೆ ಎರಡು. ಮಿಡತೆ ಗುಂಪಾದಾಗ ಕೆಡುಕು, ಲದ್ದಿ ಹುಳ ಒಂಟಿಯಾಗಿಯೇ ಕೆಡುಕು. ಎಕರೆಗೆ ಹತ್ತು ಸಾವಿರ ಹುಳ ಇದ್ದರೂ ನಿಮ್ಮ ಕಣ್ಣಿಗೆ ಒಂದೂ ಬೀಳಲ್ಲ, ಯಾಕಂದ್ರೆ ಹತ್ತು ಸಾವಿರವೂ ತಮ್ಮ ತಮ್ಮ ಮನೆಯಲ್ಲಿ ಬಾಗಿಲು ಹಾಕ್ಕೊಂಡು ಕೂತಿವೆ.

ಇನ್ನೊಂದು. ಮಿಡತೆ ಮೊಟ್ಟೆಯಿಂದ ಹೊರಗೆ ಬಂದಾಗಲೇ ಮಿಡತೆ, ರೆಕ್ಕೆ ಮಾತ್ರ ಇರಲ್ಲ. ತಿನ್ನೋನೂ ಅವನೇ, ಹಾರೋನೂ ಅವನೇ. ಪತಂಗದಲ್ಲಿ ತಿನ್ನೋನು ಒಬ್ಬ, ಹಾರೋನು ಇನ್ನೊಬ್ಬ. ಹುಳ ಎರಡು ಮೂರು ವಾರ ತಿಂದು, ಮಣ್ಣಿಗಿಳಿದು ಎರಡು ಮೂರು ಇಂಚು ಆಳದಲ್ಲಿ ಕೋಶ ಕಟ್ಟಿ, ಪತಂಗವಾಗಿ ಎದ್ದು ಬರುತ್ತೆ. ಆ ಪತಂಗಕ್ಕೆ ಎಲೆ ಅಗಿಯೋ ಬಾಯೇ ಇಲ್ಲ. ಹೂವಿನ ರಸ ಹೀರುತ್ತೆ. ನಿಮ್ಮ ಪಡಸಾಲೆಯ ಟ್ಯೂಬ್‌ಲೈಟ್ ಕೆಳಗೆ ಗೋಡೆಗೆ ಅಂಟಿ ಕೂತಿರುತ್ತೆ, ಬೂದು ಬಣ್ಣ, ಪಾತರಗಿತ್ತಿಯ ಬಡ ತಂಗಿಯಂತೆ. ಅದನ್ನ ತೋರಿಸಿ ಯಾವ ಟಿವಿಯವರು ಯುದ್ಧದ ಮ್ಯೂಸಿಕ್ ಹಾಕ್ತಾರೆ ಹೇಳಿ?

ಟಿವಿಯವರು ಹೋಗಲಿ ಬಿಡಿ, ಅವರ ಹೊಟ್ಟೆಪಾಡು. ಆದರೆ ಸರ್ಕಾರದ ಕಣ್ಣೂ ಮಿಡತೆಯ ಅಳತೆಗೇ ಹೊಲಿದ ಅಂಗಿಯಂತಿದೆ. ಮಿಡತೆಗೆ ಅಂತಲೇ ನಮ್ಮಲ್ಲಿ ಒಂದು ಎಚ್ಚರಿಕೆ ಸಂಸ್ಥೆ ಇದೆ, 1939ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು. ಜೋಧಪುರದಲ್ಲಿ ಅದರ ಕ್ಷೇತ್ರ ಕೇಂದ್ರ. ಗಡಿಯ ಮರಳಿನಲ್ಲಿ ಮಿಡತೆ ಎಣಿಸೋದೇ ಅವರ ಕೆಲಸ. 2020ರಲ್ಲಿ ಅವರು ಡ್ರೋನ್ ಹಾರಿಸಿ ಔಷಧಿ ಹೊಡೆದರು, ದಂಡುಗಳನ್ನ ತಡೆದರು. ಇದನ್ನ ಹೊಟ್ಟೆಕಿಚ್ಚಿನಿಂದ ಹೇಳ್ತಿಲ್ಲ. ಮೆಚ್ಚಿಕೊಂಡೇ ಹೇಳ್ತಿದ್ದೀನಿ. ಒಂದು ಕೀಟವನ್ನ ಸರ್ಕಾರ "ಇದು ನನ್ನ ಜವಾಬ್ದಾರಿ" ಅಂತ ಒಪ್ಪಿಕೊಂಡರೆ ಏನು ಮಾಡಬಹುದು ಅನ್ನೋದಕ್ಕೆ ಅದೇ ಸಾಕ್ಷಿ. ಬಾಡಮೇರ್, ಜೈಸಲ್ಮೇರಿನ ರೈತರು ಆ ಎರಡು ವರ್ಷ ಪಟ್ಟ ಪಾಡು ಸಣ್ಣದಲ್ಲ, ಜೀರಿಗೆ ಹೊಲಗಳು ಬೋಳಾದವು. ಕೀನ್ಯಾದವರು ಎಪ್ಪತ್ತು ವರ್ಷದಲ್ಲಿ ಅಂಥದ್ದು ಕಂಡಿರಲಿಲ್ಲ. ಅವರ ನೋವಿಗೆ ಅವರ ಸಂಸ್ಥೆ ಇರಲಿ. ನನ್ನ ಪ್ರಶ್ನೆ, ನನ್ನ ನೋವಿಗೆ ಯಾರಿದ್ದಾರೆ?

"ಬೆಳೆ ವಿಮೆ ಐತಲ್ಲ" ಅನ್ನಬೇಡ್ರಿ. 2018ರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಮುಂಗಾರಿಗೆ ರೈತನ ಪಾಲು ನೂರಕ್ಕೆ ಎರಡು, ಕಟ್ಟಿದ್ದೆ, ರಸೀದಿ ಈಗಲೂ ಟ್ರಂಕಿನಲ್ಲಿದೆ. ಲದ್ದಿ ತುಂಬಿದ ಎರಡು ಗಿಡ ಕಿತ್ತು ಚೀಲದಲ್ಲಿ ಹಾಕ್ಕೊಂಡು ಹೋದೆ. ಮೇಜಿನ ಹಿಂದೆ ಕೂತವರು ಒಳ್ಳೆಯವರೇ, ಚಹಾ ತರಿಸಿದರು, ನಿಯಮ ತೋರಿಸಿದರು. "ಆಲಿಕಲ್ಲ ಬಿದ್ದಿದ್ರ, ಹೊಲದಾಗ ನೀರ ನಿಂತಿದ್ರ ಕೂಡಲೇ ನಮಗ ತಿಳಿಸಬೇಕಿತ್ರಿ, ಬಂದು ನಿಮ್ಮ ಹೊಲಾನ ನೋಡ್ತಿದ್ವಿ. ಹುಳಕ್ಕ ಹಂಗ ಬರೂದಿಲ್ರಿ."

ಹಂಗೆ ಬರಲ್ಲ. ಆಲಿಕಲ್ಲು, ಭೂಕುಸಿತ, ನೀರು ನಿಲ್ಲೋದು, ಇಂಥವಕ್ಕೆ ಒಬ್ಬೊಬ್ಬನ ಹೊಲ ನೋಡ್ತಾರೆ. ಕೀಟಕ್ಕೆ ಪಂಚಾಯಿತಿಯ ಸರಾಸರಿ. ಪಂಚಾಯಿತಿಗೆ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡ್ತಾರೆ, ಆ ಇಳುವರಿ ಸರಾಸರಿ ಗೊತ್ತುಮಾಡಿದ ಮಿತಿಗಿಂತ ಕೆಳಗೆ ಬಿದ್ದರೆ ಎಲ್ಲರಿಗೂ ಪರಿಹಾರ, ಬೀಳದಿದ್ದರೆ ಯಾರಿಗೂ ಇಲ್ಲ. ಮಿಡತೆ ಬಂದಿದ್ದರೆ ಈ ಲೆಕ್ಕ ಸರಿಹೋಗುತ್ತಿತ್ತು. ಅದು ಬಂದರೆ ಪಂಚಾಯಿತಿಗೆ ಪಂಚಾಯಿತಿಯೇ ಬೋಳು, ಎಲ್ಲಿ ಕಟಾವು ಮಾಡಿದರೂ ಒಂದೇ. ಪತಂಗ ಹಾಗೆ ಮಾಡಲ್ಲ. ಮೊದಲು ಬಿತ್ತಿದವರ ಹೊಲದಲ್ಲಿ ಒಂದು ಪೀಳಿಗೆ ಬೆಳೆದು, ಅಲ್ಲಿ ಎಲೆ ಗಟ್ಟಿಯಾದ ಮೇಲೆ, ತಡವಾಗಿ ಬಿತ್ತಿದವನ ಎಳೇ ಸುಳಿ ಹುಡುಕಿಕೊಂಡು ಹೋಗುತ್ತೆ. ಊರು ಉಳೀತು, ನಾನು ಕೆಟ್ಟೆ. ಸರಾಸರಿ ಚೆನ್ನಾಗೇ ಬಂತು.

ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬರ, ಪ್ರವಾಹ, ಭೂಕಂಪ, ಸುನಾಮಿಯ ಜೊತೆ ಕೀಟ ದಾಳಿ ಅಂತಲೂ ಇದೆ. ದಾಳಿ ಅನ್ನೋ ಮಾತೇ ನೋಡಿ. ದಂಡೆತ್ತಿ ಬಂದವನಿಗೆ ಒಪ್ಪೋ ಮಾತು ಅದು. ಗೋಡೆಗೆ ಕನ್ನ ಕೊರೆದು ದಿನಾ ಒಂದೊಂದು ಸೇರು ಕದಿಯೋನನ್ನ ಯಾರೂ ದಾಳಿಕೋರ ಅನ್ನಲ್ಲ. ಅದಕ್ಕೇ ಮಿಡತೆ ತಿಂದರೆ ದೈವದ ಕೋಪ, ಪತಂಗ ತಿಂದರೆ ರೈತನ ಆಲಸ್ಯ. "ಟೈಮಿಗೆ ಸರಿಯಾಗಿ ಎಣ್ಣಿ ಹೊಡೀಬೇಕಿತ್ತಪ" ಅಂತ ನನಗೆ ಎಷ್ಟು ಜನ ಹೇಳಿದ್ದಾರೋ. ಜೀರಿಗೆ ಬೆಳೆದವನಿಗೆ ಯಾರಾದರೂ ಹಾಗೆ ಹೇಳಿದರಾ?

ಪತಂಗಕ್ಕೂ ಏನೂ ಮಾಡಿಲ್ಲ ಅಂದ್ರೆ ಸುಳ್ಳಾಗುತ್ತೆ. 2019ರ ಕೊನೆಗೆ ಅದೇ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿಗೆಲ್ಲ ಸೇರಿಸಿ ಒಂದು ಕಾರ್ಯಕ್ರಮ ಹಾಕಿಕೊಂಡಿತು. ನಮ್ಮಲ್ಲೂ ಮೊದಲ ಎರಡು ವರ್ಷ ತರಬೇತಿ, ಕರಪತ್ರ, ಬಣ್ಣದ ಪೋಸ್ಟರು ಬಂದವು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಹೇಳೋ ಶಿಲೀಂಧ್ರದ ಪುಡಿಯನ್ನ, ಹಳಬರು ನ್ಯೂಮೋರಿಯಾ ಅಂತೀವಲ್ಲ ಅದನ್ನ, ಮಳೆಗಾಲದ ತಂಪಿನಲ್ಲಿ ಹೊಡೆದು ಹುಳ ಬಿಳಿಚಿ ಸೆಟೆದು ಎಲೆಗೆ ಅಂಟಿ ಸತ್ತದ್ದನ್ನ ನಾನೇ ಕಂಡಿದ್ದೇನೆ. ಆದರೆ ಪೋಸ್ಟರಿನ ಬಣ್ಣ ಹೋಯ್ತು, ಹುಳ ಹೋಗಲಿಲ್ಲ. ಈಗ ಅದು ಬೀಜ, ಗೊಬ್ಬರದ ಹಾಗೆ ನಮ್ಮ ಖಾಸಗಿ ಖರ್ಚಿನ ಬಾಬತ್ತು.

ಖರ್ಚು ಅಂದ್ರೆ ದುಡ್ಡಷ್ಟೇ ಅಲ್ಲ. ಹೋದ ವರ್ಷ ಪಕ್ಕದ ಹೊಲದ ಹುಡುಗ ಪಂಪು ಬೆನ್ನಿಗೆ ಹಾಕ್ಕೊಂಡು ಮಟಮಟ ಮಧ್ಯಾಹ್ನ ಆಳೆತ್ತರದ ಜೋಳದೊಳಗೆ ಹೋದ. ಒಳಗೆ ಗಾಳಿ ಆಡಲ್ಲ. ಹೊಡೆದದ್ದೆಲ್ಲ ಮುಖದ ಎತ್ತರಕ್ಕೆ ನಿಲ್ಲುತ್ತೆ. ಮೂರನೇ ಕ್ಯಾನಿಗೆ ವಾಂತಿ ಮಾಡ್ಕೊಂಡು ಸಾಲಿನಲ್ಲೇ ಬಿದ್ದಿದ್ದ. ಅಂಗಡಿಯವ ಮೂರು ಬಾಟ್ಲಿ ಬೆರೆಸಿ ಹೊಡಿ ಅಂದಿದ್ದನಂತೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಅವನ ಹೊಲದ ಹುಳ ಆಗಲೇ ದೊಡ್ಡದಾಗಿತ್ತು, ಬಿರಡೆಯ ಕೆಳಗೆ ಆರಾಮಾಗಿತ್ತು.

ನಮ್ಮ ತಪ್ಪೂ ಇದೆ, ಮುಚ್ಚಿಡಲ್ಲ. ಊರಲ್ಲಿ ಒಬ್ಬ ರೋಹಿಣಿಗೆ ಬಿತ್ತಿದರೆ ಇನ್ನೊಬ್ಬ ಪುಷ್ಯಕ್ಕೆ ಬಿತ್ತುತ್ತಾನೆ, ನಡುವೆ ಬೋರ್‌ವೆಲ್ ಇದ್ದವನು ಬೇಸಿಗೆಯಲ್ಲೂ ಮೇವಿನ ಜೋಳ ಹಾಕ್ತಾನೆ. ಈ ಪತಂಗ ಚಳಿಗೋ ಬಿಸಿಲಿಗೋ ಮಲಗಿ ದಿನ ಕಳೆಯೋ ಜಾತಿಯಲ್ಲ, ಮೇವು ಇದ್ದಷ್ಟು ದಿನವೂ ಪೀಳಿಗೆ ನಡೆಸುತ್ತೆ. ವರ್ಷವಿಡೀ ಪಂಕ್ತಿ ಹಾಕಿ ಊಟಕ್ಕೆ ಬಡಿಸಿದವರು ನಾವೇ. ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋಗಿ ಬಗ್ಗೋ ಬದಲು ಫೋನಿನಲ್ಲಿ ಆಕಾಶ ನೋಡ್ತೀವಿ.

ಹಾಗಾದರೆ ಏನು ಬೇಕು? ನಮ್ಮ ರಾಜ್ಯದಲ್ಲಿ ಮಳೆ ಅಳೆಯೋಕೆ ಪಂಚಾಯಿತಿಗೊಂದು ಮಾಪಕ ಇಟ್ಟಿದ್ದಾರೆ. ದೊಡ್ಡ ಕೆಲಸ, ನಿಜಕ್ಕೂ. ಅದರ ಪಕ್ಕದಲ್ಲೇ ಒಂದು ಮೋಹಕ ಬಲೆ ನೇತುಹಾಕೋಕೆ ಏನು ಅಡ್ಡಿ? ಹೆಣ್ಣು ಪತಂಗದ ವಾಸನೆಯ ಒಂದು ಸಣ್ಣ ಗುಳಿಗೆ, ಒಂದು ಪ್ಲಾಸ್ಟಿಕ್ ಚೀಲ. ವಾರಕ್ಕೊಮ್ಮೆ ಎಣಿಸಿ, ಇಷ್ಟು ಬಿದ್ದಿದೆ, ಬಗ್ಗಿ ನೋಡ್ರಪ್ಪ ಅಂತ ಊರಿಗೆ ಒಂದು ಮೆಸೇಜ್. ವಿಮೆಯಲ್ಲಿ ಆಲಿಕಲ್ಲಿನ ಸಾಲಿಗೆ ಕೀಟವನ್ನೂ ಸೇರಿಸಿ, ಬಂದು ನನ್ನ ಹೊಲ ನೋಡಿ, ನನ್ನದೇ ಆಲಸ್ಯ ಅಂತ ಕಂಡರೆ ಹಾಗಂತ ಬರೆದುಕೊಂಡು ಹೋಗಿ. ನೋಡದೆ ಬರೀಬೇಡಿ. ಬಿತ್ತನೆ ಬೀಜ ಹಂಚೋ ದಿನವೇ ಊರವರನ್ನ ಕೂಡಿಸಿ ಎರಡು ವಾರದೊಳಗೆ ಎಲ್ಲರೂ ಬಿತ್ತೋ ಹಾಗೆ ಒಪ್ಪಿಸೋ ಕೆಲಸಕ್ಕೆ ರೊಕ್ಕ ಬೇಕಾಗಿಲ್ಲ, ಬಾಯಿ ಬೇಕು. ಅದನ್ನ ನಾವೇ ಮಾಡಬೇಕು. ಮುಂದಿನ ವರ್ಷ ನಮ್ಮೂರಲ್ಲಿ ಗುಡಿ ಕಟ್ಟೆಯ ಮೇಲೆ ನಾನೇ ಶುರು ಮಾಡ್ತೀನಿ. ಬೈಗುಳ ತಿನ್ನೋಕೆ ತಯಾರಿದ್ದೀನಿ.

ಸದ್ಯಕ್ಕೆ ನಮ್ಮ ಮನೆಯ ಎಚ್ಚರಿಕೆ ಸಂಸ್ಥೆ ಅಂದ್ರೆ ನಮ್ಮ ಮನೆಯಾಕಿ. ಮುಂಜಾನೆ ದನದ ಕೆಲಸ ಮುಗಿಸಿ ಸಾಲು ಹಿಡಿದು ಹೊರಟರೆ, ಎಲೆ ಮಗುಚಿ, ಮೊಟ್ಟೆ ಗುಂಪು ಕಂಡಲ್ಲಿ ಹೆಬ್ಬೆರಳು ತೋರುಬೆರಳಲ್ಲಿ ಒರೆಸಿ ಹಾಕ್ತಾಳೆ. ಒಂದು ಸಲಕ್ಕೆ ನೂರಿನ್ನೂರು ಹುಳ ಹುಟ್ಟೋ ಮೊದಲೇ ಮುಗಿದವು. ಯಾವ ಎಣ್ಣೆಯೂ ಇಷ್ಟು ಅಗ್ಗಕ್ಕೆ ಇಷ್ಟು ಕೊಲ್ಲಲ್ಲ. ಸಾಗುವಳಿ ಖರ್ಚಿನ ನನ್ನ ಪುಸ್ತಕದಲ್ಲಿ ಅವಳ ಆಳಿನ ಲೆಕ್ಕ ಇಷ್ಟು ವರ್ಷ ನಾನೂ ಬರೆದಿರಲಿಲ್ಲ. ಈ ವರ್ಷದಿಂದ ಬರೀತಿದ್ದೀನಿ. ನಿನ್ನೆಗೆ ನಾಲ್ಕು ಅರ್ಧ ಆಳು ಆಯ್ತು.

ಸಂಜೆ ಮಳೆ ಬಿಟ್ಟರೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಕಲಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕಬೇಕು. ಮೂರು ಎಕರೆ, ಇಬ್ಬರೇ, ಮೂರು ದಿನ ಹಿಡಿಯುತ್ತೆ. ಭಾವನಿಗೆ ಉತ್ತರವಾಗಿ ಮೊಟ್ಟೆ ಗುಂಪಿನ ಫೋಟೋ ಕಳಿಸಿದ್ದೀನಿ, ಕೆಳಗೆ "ಇದು ನಿಮ್ಮ ಹೊಲದಾಗೂ ಐತಿ, ಇವತ್ತೇ ಹೋಗ್ರಿ" ಅಂತ ಬರೆದು. ಮಧ್ಯಾಹ್ನಕ್ಕೆ ಫೋನ್ ಬಂತು. ಛತ್ರಿ ಹಿಡ್ಕೊಂಡು ಹೊಲದಾಗೇ ನಿಂತಿದ್ದರು. "ತಮ್ಮಾ, ನೂರಕ್ಕ ಇಪ್ಪತ್ತೊಂದು ಗಿಡ ಅದಾವೋ. ಈಗ ಏನ್ ಮಾಡ್ಲಿ?"